ಬಲಗಡೆಯ ಸೀಟು

ಬೆಳಗಿನ ಮೂರೂವರೆಗೆ ರೆಡ್‌ಕ್ಲಿಫಿನ ಬೀದಿಯಲ್ಲಿ
ನಾಯಿಯೂ ಬೊಗಳುವುದಿಲ್ಲ.
ಪಕ್ಕದ ಕೋಣೆಯವನು ಏಳದಂತೆ ದೀಪ ಹಾಕದೆ
ಅಂಗಿಯ ಹೆಗಲಿಗೆ ಪಟ್ಟಿ ತೂರಿಸುತ್ತೇನೆ:
ಚಿನ್ನದ ಗೆರೆ ಒಂದು, ಎರಡು, ಮೂರು.
ನಾಲ್ಕನೆಯದಕ್ಕೆ ಬೆರಳು ಈಗಲೂ ತಡಕುತ್ತದೆ,
ಬಿದ್ದ ಹಲ್ಲಿನ ಜಾಗಕ್ಕೆ ನಾಲಗೆ ಹೋದ ಹಾಗೆ.

ಅಲ್ಲಿ ಹನ್ನೊಂದು ವರ್ಷ ಎಡಗಡೆಯ ಸೀಟು ನನ್ನದು.
ಕಂಪನಿ ಮುಳುಗಿತು.
ಆಕಾಶದಲ್ಲಿದ್ದದ್ದೂ ಮುಳುಗುತ್ತದೆ, ಕನ್ನಡದಲ್ಲಿ.
ಏಳು ತಿಂಗಳ ಸಂಬಳದ ಬದಲು ಒಂದು ಇಮೇಲ್ ಬಂತು.
ಸೆಬಾಸ್ಟಿಯನ್ ದೋಹಾಕ್ಕೆ ಹೋದ, ಗುರ್ಕೀರತ್ ಹನೋಯಿಗೆ,
ನಮ್ಮ ಮಧುಮತಿ ಕಂಪ್ಲಿ ರಸ್ತೆಯಲ್ಲಿ ಸೈಟು ಮಾರುತ್ತಾಳೆ.
ಅವಳು ಇಳಿಸಿದರೆ
ಮಲಗಿದವರು ಮಲಗಿಯೇ ಇರುತ್ತಿದ್ದರು.

ನಾನು ನಲವತ್ತನಾಲ್ಕಕ್ಕೆ ಪರ್ತಿಗೆ ಬಂದು
ಮತ್ತೆ ಪರೀಕ್ಷೆ ಬರೆದು ಸಾಲಿನ ಕೊನೆಗೆ ನಿಂತೆ.
ಉಪ್ಪಿನಕಾಯಿ ಡಬ್ಬಿಯನ್ನಾದರೂ ಕಸ್ಟಮ್ಸಿನವರು
ತೆರೆದು, ಮೂಸಿ, ವಾಪಸು ಕೊಟ್ಟರು.
ಹನ್ನೊಂದು ವರ್ಷವನ್ನು ಕೊಡಲಿಲ್ಲ.

ಇಲ್ಲಿ ಕ್ಯಾಪ್ಟನ್ ಬ್ರಾನ್ವಿನ್. ಇಪ್ಪತ್ತೊಂಬತ್ತು ವಯಸ್ಸು,
ಕುರಿ ಸಾಕುವವರ ಮಗಳು.
ಒಳ್ಳೆಯವಳು. ಅದೇ ಕಷ್ಟ.
ಕೆಟ್ಟವಳಾಗಿದ್ದರೆ ಬೈದುಕೊಂಡಾದರೂ ಇರಬಹುದಿತ್ತು.

ಬಲಗೈಗೆ ರೂಢಿಯಾದ ಥ್ರಾಟಲನ್ನು
ಈಗ ಎಡಗೈಗೆ ಒಪ್ಪಿಸಬೇಕು.
ಎಡಗೈಯಲ್ಲಿ ಎಲೆಅಡಿಕೆ ಕೊಟ್ಟರೂ ಬೈಯುವ ಊರಿನವನು
ಎಡಗೈಯಲ್ಲಿ ನೂರು ಜನರನ್ನು ಎತ್ತುತ್ತೇನೆ.
ಸಿಮ್ಯುಲೇಟರಿನಲ್ಲಿ ಮೊದಲ ದಿನವೇ ಇಂಜಿನ್ನಿಗೆ ಬೆಂಕಿ ಇಟ್ಟರು;
ಎರಡು ಕೈಗಳೂ ಒಂದನ್ನೊಂದು ನೋಡಿಕೊಂಡವು,
ಪಂಕ್ತಿಯಲ್ಲಿ ಸಾರಿನ ಬಕೆಟ್ಟು ಯಾರು ಹಿಡಿಯಬೇಕೆಂದು
ತಿಳಿಯದ ಇಬ್ಬರು ಭಾವಂದಿರ ಹಾಗೆ.

ಹೆಸರಿನ ಕಥೆ ಬೇರೆ.
ಎರ್ರಿಸ್ವಾಮಿ ಅಂದೆ. ಚೀಫ್ ಪೈಲಟ್ ನಗದೆ ಹೇಳಿದ:
"ಮೈಕಿನಲ್ಲಿ ಎರರ್ ಎಂದು ಕೇಳಿಸುತ್ತದೆ, ಗೆಳೆಯಾ.
ಹಿಂದೆ ಕೂತವರಿಗೆ ಅದು ಬೇಡ. ಎರಿಕ್ ಅನ್ನು."
ತಾತನ ಗದ್ದುಗೆಗೆ ಹರಕೆ ಹೊತ್ತು ಅವ್ವ ಇಟ್ಟ ಹೆಸರು
ಒಂದು ಕಾಫಿ ಆರುವುದರೊಳಗೆ ಎರಿಕ್ ಆಯಿತು.

ನ್ಯೂಮನ್‌ಗೆ ಒಂದು ಗಂಟೆ ನಲವತ್ತು ನಿಮಿಷ.
ಹಿಂದೆ ಕಿತ್ತಳೆ ಅಂಗಿಯ ಗಣಿಯವರು, ಬೂಟಿನಲ್ಲೇ ನಿದ್ದೆ.
ಮೂಡಲು ಕೆಂಪಾಗುವಾಗ ಕೆಳಗೂ ಕೆಂಪು ಸುರುವಾಗುತ್ತದೆ:
ಸೀಳಿದ ಗುಡ್ಡ, ಮೆಟ್ಟಿಲು ಮೆಟ್ಟಿಲಾಗಿ ಇಳಿದ ಗುಂಡಿ,
ತಲೆ ಒಂದು ಕಡೆ ಬಾಲ ಒಂದು ಕಡೆ ಕಾಣುವ ಅದಿರಿನ ರೈಲು.
ನಾನು ಸಂಡೂರಿನವನು.
ಈ ಬಣ್ಣವನ್ನು ಯಾರೂ ನನಗೆ ಪರಿಚಯಿಸಬೇಕಿಲ್ಲ.
ಸೋಮವಾರದ ಬಿಳಿ ಅಂಗಿ ಗುರುವಾರಕ್ಕೆ ಇಟ್ಟಿಗೆ;
ಲಾರಿ ಹೋದ ಮೇಲೆ ಬೇಲಿ, ನಾಯಿ, ಮೇಷ್ಟರ ಮೀಸೆ
ಎಲ್ಲ ಒಂದೇ ಜಾತಿ.
ಆ ಧೂಳಿನಿಂದ ಮೇಲೇಳಲೆಂದೇ ಅಲ್ಲವೆ
ಹಾರಲು ಕಲಿತದ್ದು?
ಸಮುದ್ರ ದಾಟಿ ಬಂದು ಅದರಲ್ಲೇ ಇಳಿಯುತ್ತೇನೆ,
ವಾರಕ್ಕೆ ನಾಲ್ಕು ಸಲ.

ಇವತ್ತು ರನ್‌ವೇ ಪಕ್ಕ ಸುಂಟರಗಾಳಿ.
ವಿಲ್ಲಿ-ವಿಲ್ಲಿ ಅನ್ನುತ್ತಾರೆ ಇಲ್ಲಿ, ತುಂಟ ಹುಡುಗನನ್ನು ಕೂಗಿದ ಹಾಗೆ.
ಇಳಿಸುವ ಸರದಿ ನನ್ನದು.
ಬ್ರಾನ್ವಿನ್ ಕೈ ಹತ್ತಿರ ತಂದಳು, ಮುಟ್ಟಲಿಲ್ಲ.
ಮೂಗು ವಾಲಿತು, ಕಾಲು ಒತ್ತಿತು,
ಎಡಗೈ, ಮೊದಲ ಸಲ,
ಬಲಗೈಯನ್ನು ಕೇಳದೆ ತನ್ನ ಪಾಡಿಗೆ ಹಿಂದಕ್ಕೆ ಎಳೆಯಿತು.
ಚಕ್ರ ನೆಲಕ್ಕೆ ಬಡಿದದ್ದು ಜೋರಾಗಿಯೇ.
ಮಧುಮತಿಯಾಗಿದ್ದರೆ ನಗುತ್ತಿದ್ದಳು.

ರೆಕ್ಕೆಯ ಕೆಳಗೆ ಸಾಮಾನು ಇಳಿಸುವ ಮುದುಕ ಕೇಳಿದ,
ನಿನ್ನದು ಯಾವ ಕಡೆ?
ಹೇಳಿದೆ. ಅಲ್ಲೂ ಕಬ್ಬಿಣವೇ, ಅಂದೆ.
"ಹಾಗಾದರೆ ಗುಂಡಿಯಿಂದ ಗುಂಡಿಗೆ ಬಂದೆಯಲ್ಲೋ!"
ಇಬ್ಬರೂ ನಕ್ಕೆವು, ಬಾಯಿಗೆ ಧೂಳು ಬರುವಷ್ಟು.

ಶೂ ಒರೆಸಿಕೊಂಡು ಒಳಗೆ ಬಂದರೆ
ಬ್ರಾನ್ವಿನ್ ಚೆಕ್‌ಲಿಸ್ಟು ಹಿಡಿದು ನನ್ನ ಐಡಿ ಕಾರ್ಡು ಓದುತ್ತಿದ್ದಾಳೆ,
ತುಟಿ ಅಲುಗಿಸುತ್ತ: "ಎರಿ... ಸ್ವಾ... ಮಿ?"
ಇನ್ನೊಂದು ರ ಬೇಕು, ಅಂದೆ.
"ದಾರಿಯಲ್ಲಿ ನೋಡೋಣ," ಅಂದಳು.
ಹಿಂದೆ ಬಾಗಿಲು ಹಾಕಿದ ಸದ್ದು.